ಅತಿಥಿಯ ಋಣ

ಅತಿಥಿಯನ್ನು ದೇವರೆಂದು ಭಾವಿಸಬೇಕೆಂಬ ವಿಧಿಯು ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿದೆಯೆಂಬುದನ್ನು ಅರಿಯದವರು ವಿರಳ. ಆ ಮಾತನ್ನು ಸಭೆಗಳ ಸ್ವಾಗತಭಾಷಣಗಳಲ್ಲಿಯೂ, ಛತ್ರಗಳ ಹೆಬ್ಬಾಗಿಲಿನಲ್ಲಿಯೂ, ಈಗೀಗ ಪ್ರವಾಸದ ಜಾಹೀರಾತುಗಳಲ್ಲಿಯೂ ಕಾಣಬಹುದು. ಆದರೆ ಅದನ್ನು ಯಾರು ಯಾರಿಗೆ ಹೇಳಿದರೆಂದು ವಿಚಾರಿಸುವವರು ಕಡಮೆ. ವಿದ್ಯಾಭ್ಯಾಸವನ್ನು ಮುಗಿಸಿ ಮನೆಗೆ ಹೊರಟು ನಿಂತ ಶಿಷ್ಯನಿಗೆ ಆಚಾರ್ಯನು ಹೇಳಿದ ಮಾತದು. ಎಂದರೆ, ಮುಂದೆ ಮನೆಯ ಯಜಮಾನನಾಗಲಿರುವವನಿಗೆ ವಿಧಿಸಿದ ಕಟ್ಟಳೆ. ಬಾಗಿಲಿಗೆ ಬಂದು ನಿಂತವನು ತಾನೇ ದೇವರೆಂದು ಹೇಳಿಕೊಂಡು ಎಲೆಯ ಮುಂದೆ ಕುಳಿತುಕೊಳ್ಳುವುದಕ್ಕೆ ಅದರಲ್ಲಿ ಯಾವ ಅಧಿಕಾರವೂ ಇಲ್ಲ. ಉಣಿಸುವವನ ಧರ್ಮವು ಇಷ್ಟು ಸ್ಪಷ್ಟವಾಗಿರುವಾಗ, ಉಣ್ಣುವವನ ಧರ್ಮವೇನು? ಪರಸ್ಥಳಕ್ಕೆ ಹೋಗಿ, ಅಲ್ಲಿಯ ಜನರೊಡನೆ ಬೆರೆತು, ಅವರ ಅನ್ನವನ್ನುಂಡು ಸಂತೋಷಪಟ್ಟು ಹಿಂದಿರುಗುವವನಿಗೆ ಆ ಸಂತೋಷದ ಹೊರತು ಬೇರೊಂದು ಹೊಣೆಯುಂಟೇ?

ಈ ಪ್ರಶ್ನೆಯು ಮಂಗಳೂರಿನವರಿಗೆ ವಿಶೇಷವಾಗಿ ಸಲ್ಲತಕ್ಕುದು. ಪಡುವಣ ಕಡಲಿನ ಲಕ್ಷದ್ವೀಪಗಳನ್ನು ನೋಡಿಬರಬೇಕೆಂಬ ಆಸೆಯು ವಿದ್ಯಾವಂತ ಕುಟುಂಬಗಳಲ್ಲಿ ಹೆಚ್ಚುತ್ತಿರುವ ಕಾಲವಿದು. ಬಿಳಿಯ ಮರಳು, ತಿಳಿನೀಲಿಯ ಹಿನ್ನೀರು, ತೆಂಗಿನ ನೆರಳು, ಬೆಚ್ಚನೆಯ ಗಾಳಿ, ಹೊಸ ಬಗೆಯ ಊಟ, ಇಷ್ಟನ್ನು ನೆನೆದು ಹೊರಡುವವರಲ್ಲಿ ಅನೇಕರಿಗೆ ತಿಳಿಯದ ಸಂಗತಿಯೊಂದಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಅಮೀನ್‌ದೀವಿ ದ್ವೀಪಗಳು ಒಂದು ಕಾಲದಲ್ಲಿ ಪರಸ್ಥಳವೇ ಆಗಿರಲಿಲ್ಲ. ಕಣ್ಣಾನೂರಿನ ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತ ದ್ವೀಪದ ಜನರು ೧೭೮೭ರಲ್ಲಿ ಮಂಗಳೂರಿಗೆ ಬಂದು ತಮ್ಮನ್ನು ಕೈಕೊಳ್ಳಬೇಕೆಂದು ಟಿಪ್ಪುಸುಲ್ತಾನನಲ್ಲಿ ಮೊರೆಯಿಟ್ಟರು, ಅವನೂ ಒಪ್ಪಿದನು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅವು ಕುಂಪಣಿಯವರ ಕೈಸೇರಿ, ಮಂಗಳೂರಿನ ಕಲೆಕ್ಟರರ ಅಧೀನವಾದವು. ೧೯೫೬ನೆಯ ನವೆಂಬರ್ ೧ನೆಯ ತಾರೀಖಿನಂದು ಕೇಂದ್ರಾಡಳಿತ ಪ್ರದೇಶವೊಂದು ಏರ್ಪಡುವವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವು. ಲಕ್ಷದ್ವೀಪವೆಂಬ ಇಂದಿನ ಹೆಸರು ಆ ಪ್ರದೇಶಕ್ಕೆ ಬಂದುದು ೧೯೭೩ರಲ್ಲಿ. ಹೀಗಾಗಿ, ಮಂಗಳೂರಿನ ಪ್ರವಾಸಿಯು ಹೊಸ ನಾಡನ್ನು ಕಂಡೆನೆಂದು ಹಿಗ್ಗುವ ತೀರದಲ್ಲಿ ಅವನ ಊರಿನ ಹಳೆಯ ಲೆಕ್ಕವೊಂದು ಬಾಕಿಯುಳಿದಿದೆ.

ಆ ಲೆಕ್ಕವು ಅಕ್ಕಿಯದು. ದ್ವೀಪಗಳಲ್ಲಿ ಭತ್ತದ ಗದ್ದೆಗಳಿಲ್ಲ. ಹವಳದ ಪುಡಿಯಿಂದಾದ ಮರಳುನೆಲದಲ್ಲಿ ತೆಂಗು ಸೊಂಪಾಗಿ ಬೆಳೆಯುತ್ತದೆ, ಸುತ್ತಲಿನ ಸಮುದ್ರದಲ್ಲಿ ಮೀನು ಯಥೇಚ್ಛವಾಗಿದೆ. ಅನ್ನ ಮಾತ್ರ ಕಡಲಾಚೆಯಿಂದ ಬರಬೇಕು. ಅದಕ್ಕೆ ಕೊಡುತ್ತಿದ್ದ ಬೆಲೆ ತೆಂಗಿನ ನಾರಿನ ಹುರಿ. ತೆಂಗಿನ ಸಿಪ್ಪೆಯನ್ನು ಹಿನ್ನೀರಿನ ಮರಳಿನಲ್ಲಿ ಹೂಳಿ, ತಿಂಗಳುಗಟ್ಟಲೆ ಕೊಳೆಯಿಸಿ, ತೆಗೆದು ಬಡಿದು, ನಾರನ್ನು ಬಿಡಿಸಿ, ಅಂಗೈಯಲ್ಲಿ ಹೊಸೆದು ಹುರಿಮಾಡುವ ಕೆಲಸವು ಹೆಂಗಸರದು. ಆ ಹುರಿಯನ್ನು ಗಂಡಸರು ಓಡಗಳಲ್ಲಿ ಹೇರಿಕೊಂಡು, ನಕ್ಷತ್ರಗಳ ಗುರುತಿನಿಂದ ದಾರಿಹಿಡಿದು, ಮಂಗಳೂರಿನ ಬಂದರಿಗೆ ತರುತ್ತಿದ್ದರು. ಹುರಿಯ ವ್ಯಾಪಾರವು ಸರ್ಕಾರದ ಏಕಸ್ವಾಮ್ಯವಾಗಿತ್ತು. ಹುರಿಯನ್ನು ಸರ್ಕಾರಕ್ಕೇ ಒಪ್ಪಿಸಬೇಕಾಗಿತ್ತು. ಪ್ರತಿಯಾಗಿ ಗೊತ್ತುಮಾಡಿದ ದರದಲ್ಲಿ ಅಕ್ಕಿಯನ್ನು ಪಡೆಯಬೇಕಾಗಿತ್ತು. ಮಳೆಗಾಲದಲ್ಲಿ ಕಡಲು ಮುಚ್ಚಿಹೋದರೆ ನಾಲ್ಕು ತಿಂಗಳು ಬರುವವರಿರಲಿಲ್ಲ, ಹೋಗುವವರಿರಲಿಲ್ಲ. ಅಷ್ಟು ದಿನಕ್ಕೂ ಸಾಲುವಂತೆ ಅಕ್ಕಿಯನ್ನು ಅಳೆದಳೆದು ಬೇಯಿಸಬೇಕಾಗಿತ್ತು. ಕುಚ್ಚಲಕ್ಕಿಯ ಗಂಜಿಯನ್ನು ದಿನವೂ ಉಂಡು ಅದನ್ನೊಂದು ವಿಶೇಷವೆಂದೇ ಎಣಿಸದ ಕರಾವಳಿಯವನಿಗೆ ಈ ಅಳತೆಯು ಒಮ್ಮೆಲೇ ಮನಸ್ಸಿಗೆ ಹತ್ತಲಾರದು.

ಇಲ್ಲಿಯೇ ಅತಿಥಿಯ ಧರ್ಮದ ಮೊದಲನೆಯ ತೊಡಕು ಕಾಣಿಸಿಕೊಳ್ಳುತ್ತದೆ. ದ್ವೀಪದ ಗೃಹಸ್ಥನು ಬಂದವನಿಗೆ ಗೌರವದಿಂದ ಬಡಿಸುವುದು ತನ್ನಲ್ಲಿ ದುರ್ಲಭವಾದುದನ್ನು: ಅನ್ನವನ್ನು, ದೂರದಿಂದ ತರಿಸಿದ ತರಕಾರಿಯನ್ನು, ಸಕ್ಕರೆ ಹಾಕಿದ ಚಹವನ್ನು. ಬಂದವನಿಗೆ ಬೇಕಾದುದು ತನ್ನಲ್ಲಿ ದುರ್ಲಭವಾದುದು: ಆಗತಾನೇ ಹಿಡಿದ ಸೂರೆಮೀನು, ಕೆಂಡದಲ್ಲಿ ಸುಟ್ಟ ಅಷ್ಟಪದಿ, ತೆಂಗಿನ ಸಿಹಿನೀರನ್ನು ಕಾಸಿದ ಬೆಲ್ಲ, ಒಣಬಾಳೆಯೆಲೆಯಲ್ಲಿ ಸುತ್ತಿದ ಕಾಯಿಯುಂಡೆ. ಒಬ್ಬನು ಆದರವನ್ನು ಬಡಿಸುತ್ತಿರುವಾಗ ಇನ್ನೊಬ್ಬನು ರುಚಿಯನ್ನು ಹುಡುಕುತ್ತಿರುವನು. ತನ್ನ ಊರಿನ ಅಂಗಡಿಯ ಅಕ್ಕಿಯನ್ನೇ ಅಷ್ಟು ದೂರ ಹೋಗಿ ಉಣ್ಣಬೇಕಾಯಿತೇ ಎಂದು ಮುಖವನ್ನು ಸಣ್ಣದು ಮಾಡಿಕೊಳ್ಳುವ ಪ್ರವಾಸಿಗೆ, ಆ ಎಲೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಪದಾರ್ಥವು ಅದೇ ಎಂಬ ಅರಿವಿಲ್ಲ. ರುಚಿಯ ಆಸೆಯು ದೋಷವೆಂದು ಹೇಳುವುದಕ್ಕಾಗದು. ಊಟದಲ್ಲಿ ಸಂತೋಷಪಡದ ಅತಿಥಿಯು ಆತಿಥೇಯನಿಗೆ ಮಾಡುವ ಅವಮಾನವೂ ಸಣ್ಣದಲ್ಲ. ಆದರೆ ಎಲೆಯ ಮೇಲಿನ ಪದಾರ್ಥಗಳ ಬೆಲೆಯನ್ನು ತನ್ನ ಊರಿನ ತಕ್ಕಡಿಯಲ್ಲಿ ತೂಗುವುದೋ, ಆ ಮನೆಯ ತಕ್ಕಡಿಯಲ್ಲಿ ತೂಗುವುದೋ ಎಂಬುದು ನಾಲಗೆಗೆ ಸಂಬಂಧಪಟ್ಟ ಪ್ರಶ್ನೆಯಲ್ಲ.

ಪ್ರಾಸಂಗಿಕವಾಗಿ ಒಂದು ಮಾತು. ಮಂಗಳೂರಿನ ಮನೆಗಳಲ್ಲಿ ಜೀಗುಜ್ಜೆಯ ಪೋಡಿಗೆ ಇರುವ ಮನ್ನಣೆಯನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ಅದಕ್ಕೆ ಕನ್ನಡದಲ್ಲಿ ದೀವಿಹಲಸು ಎಂಬ ಹೆಸರೂ ಉಂಟು. ದೀವಿಯೆಂದರೆ ದ್ವೀಪ. ಶಾಂತಸಾಗರದ ದ್ವೀಪಗಳಲ್ಲಿ ಹುಟ್ಟಿದ ಆ ಮರವು ಕಡಲನ್ನು ದಾಟಿ ಬಂದು ಕರಾವಳಿಯ ಹಿತ್ತಿಲುಗಳಲ್ಲಿ ಬೇರೂರಿದೆ. ಹೊರಗಿನಿಂದ ಬಂದುದನ್ನು ಮನೆಯದನ್ನಾಗಿ ಮಾಡಿಕೊಂಡು, ಹೆಸರಿನಲ್ಲಿ ಮಾತ್ರ ಅದರ ತವರನ್ನು ನೆನಪಿಟ್ಟುಕೊಳ್ಳುವುದು ಅಡಿಗೆಮನೆಗೆ ಸುಲಭವಾಗಿ ಸಾಧಿಸಿದೆ. ಮನುಷ್ಯರ ವಿಷಯದಲ್ಲಿ ಅದು ಅಷ್ಟು ಸುಲಭವಾಗಿಲ್ಲ.

ಅತಿಥಿಯು ಹೇಗೆ ಕೆಡಬಹುದೆಂಬುದಕ್ಕೆ ಇದೇ ಸಮುದ್ರವು ಒದಗಿಸುವ ನಿದರ್ಶನಗಳಲ್ಲಿ ಮೊರಾಕೊ ದೇಶದ ಇಬ್ನ್ ಬತೂತನ ಚರಿತ್ರೆಗಿಂತ ಮಿಗಿಲಾದುದನ್ನು ಕಾಣುವುದು ಕಷ್ಟ. ದೆಹಲಿಯ ಸುಲ್ತಾನನ ರಾಯಭಾರಿಯಾಗಿ ಚೀಣಕ್ಕೆ ಹೊರಟ ಈತನು ೧೩೪೨ರ ಸುಮಾರಿಗೆ ಕರಾವಳಿಯನ್ನು ಹಿಡಿದು ಬಂದನು. ಮಂಗಳೂರನ್ನು ಮಂಜರೂರ್ ಎಂದು ಕರೆದು, ಪಾರಸಿಕ ಮತ್ತು ಯೆಮನ್ ದೇಶಗಳ ವರ್ತಕರು ಇಳಿಯುವ ದೊಡ್ಡ ಅಳಿವೆ ಅದೆಂದೂ, ಮೆಣಸು ಶುಂಠಿಗಳು ಅಲ್ಲಿ ಹೇರಳವೆಂದೂ ಬರೆದನು. ಊರಿನ ಕಾಜಿಯು ಹಡಗಿಗೇ ಬಂದು ತನ್ನ ಅತಿಥಿಯಾಗಬೇಕೆಂದು ಕರೆದರೆ, ರಾಜನು ತನ್ನ ಮಗನನ್ನು ಒತ್ತೆಯಾಗಿ ಹಡಗಿನಲ್ಲಿರಿಸುವವರೆಗೂ ಇಳಿಯುವುದಿಲ್ಲವೆಂದು ಈ ಪರಿವಾರವು ಹಟಹಿಡಿಯಿತು. ಬಾರಕೂರಿನಲ್ಲಿಯೂ ಹಾಗೆಯೇ ಮಾಡಿದ್ದರು. ಕೊನೆಗೆ ಮಂಗಳೂರಿನ ರಾಜಕುಮಾರನೂ ಹಡಗನ್ನು ಹತ್ತಬೇಕಾಯಿತು. ಅನಂತರ ಮೂರು ದಿನ ಆದರದ ಉಪಚಾರ ನಡೆಯಿತು. ಒಬ್ಬರ ಮಗನನ್ನು ಸೆರೆಯಲ್ಲಿಟ್ಟುಕೊಂಡು ಅವರ ಊರಿನಲ್ಲಿ ಉಣ್ಣುವ ಊಟದ ರುಚಿ ಹೇಗಿದ್ದಿತೋ ಅವನು ಬರೆಯಲಿಲ್ಲ. ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಪಂಕ್ತಿಯನ್ನು ಮಾತ್ರ ಬಹಳ ಅಕ್ಕರೆಯಿಂದ ವರ್ಣಿಸಿದ್ದಾನೆ. ಅನ್ನ, ತುಪ್ಪ, ಮೆಣಸು ಶುಂಠಿ ಮಾವು ನಿಂಬೆಗಳ ಉಪ್ಪಿನಕಾಯಿ, ಕೋಳಿ, ಮೀನು, ತರಕಾರಿ, ಕೊನೆಗೆ ಮೊಸರು, ಎಲ್ಲವೂ ಕ್ರಮವಾಗಿ ಬಂದುವು. ಆದರೂ ಹನ್ನೊಂದು ತಿಂಗಳು ಅಲ್ಲಿದ್ದು ರೊಟ್ಟಿಯ ಮುಖವನ್ನೇ ಕಾಣದೆ, ಮುಂದೆ ದ್ವೀಪಗಳಲ್ಲಿಯೂ ಸಿಂಹಳದಲ್ಲಿಯೂ ಮೂರು ವರ್ಷ ಅನ್ನವನ್ನೇ ಉಂಡುಂಡು, ಕಡೆಗೆ ನೀರು ಕುಡಿಯದೆ ಅನ್ನವು ಗಂಟಲಿನಲ್ಲಿ ಇಳಿಯದಾಯಿತೆಂದು ಹೇಳಿಕೊಂಡಿದ್ದಾನೆ. ಕರಾವಳಿಯ ಗೃಹಿಣಿಯರು ಇದನ್ನು ಕೇಳಿ ನಕ್ಕಾರು.

ಅವನು ಮಾಲದ್ವೀಪಗಳನ್ನು ಮುಟ್ಟಿದುದು ೧೩೪೩ರಲ್ಲಿ. ಲಕ್ಷದ್ವೀಪಗಳಲ್ಲಿ ದಕ್ಷಿಣದ ಕೊನೆಯದಾದ ಮಿನಿಕಾಯಿಯ ನುಡಿಯೂ ನಡೆಯೂ ಮಾಲದ್ವೀಪದವುಗಳಿಗೆ ಹತ್ತಿರವಾದುದರಿಂದ, ಅವನು ಕಂಡುದು ಈ ನೆರೆಯ ಲೋಕವನ್ನೇ. ಅಲ್ಲಿ ಯಾರೂ ಒತ್ತೆಯನ್ನು ಕೇಳಬೇಕಾಗಲಿಲ್ಲ. ಹಡಗು ಬಂದಿತೆಂದರೆ ದ್ವೀಪದವರು ಸಣ್ಣ ದೋಣಿಗಳಲ್ಲಿ ವೀಳ್ಯವನ್ನೂ ಎಳನೀರನ್ನೂ ತೆಗೆದುಕೊಂಡು ಎದುರಿಗೆ ಹೋಗುವರು. ಹಡಗಿನಲ್ಲಿರುವವರಲ್ಲಿ ಯಾರ ಕೈಗೆ ಅದನ್ನು ಕೊಟ್ಟರೋ ಅವನು ಕೊಟ್ಟವನ ಅತಿಥಿ. ಅವನ ಸಾಮಾನನ್ನು ಬಂಧುವಿನ ಸಾಮಾನಿನಂತೆ ಹೊತ್ತು ಮನೆಗೆ ಒಯ್ಯುವರು. ಒಂದು ಎಳನೀರಿನಿಂದ ನಂಟು ಹುಟ್ಟುವ ಈ ಪದ್ಧತಿಯನ್ನು ಇಬ್ನ್ ಬತೂತನೇ ಮೆಚ್ಚಿ ಬರೆದಿದ್ದಾನೆ. ಆ ಮೇಲೆ ನಡೆದುದೇನು? ನ್ಯಾಯಶಾಸ್ತ್ರವನ್ನು ಬಲ್ಲವನೆಂದು ತಿಳಿದು ಅಲ್ಲಿಯವರು ಅವನನ್ನು ಬಿಡದೆ ಕಾಜಿಯನ್ನಾಗಿ ಮಾಡಿದರು. ಅಲ್ಲಿಗೆ ಅತಿಥಿಯು ನ್ಯಾಯಾಧೀಶನಾದನು. ಶುಕ್ರವಾರದ ಪ್ರಾರ್ಥನೆಗೆ ಬಾರದವರನ್ನು ಹೊಡೆಯಿಸಿದನು. ಸ್ತ್ರೀಯರ ಉಡುಗೆಯು ತನ್ನ ಮನಸ್ಸಿಗೆ ಬಾರದೆ ಅದನ್ನು ತಿದ್ದಲು ಹೊರಟು ಸೋತನು. ಅಲ್ಲಿಯೇ ಹಲವು ಮದುವೆಗಳನ್ನು ಮಾಡಿಕೊಂಡನು. ಮಂತ್ರಿಗೂ ಅವನಿಗೂ ವಿರಸ ಬೆಳೆಯಿತು, ದ್ವೀಪವನ್ನು ಬಿಟ್ಟನು. ಬಿಟ್ಟವನು ಚೋಳಮಂಡಲದ ತೀರವನ್ನು ಸೇರಿ, ಮಧುರೆಯ ಸುಲ್ತಾನನೊಡನೆ ಕುಳಿತು, ಅದೇ ದ್ವೀಪಗಳ ಮೇಲೆ ಸೈನ್ಯವನ್ನು ಕಳುಹಿಸುವ ಉಪಾಯವನ್ನು ಹೂಡಿದನು! ಕೊನೆಗೆ ಆ ಕಾರ್ಯವು ನಡೆಯದೆಹೋಯಿತು. ಎಳನೀರು ಹಿಡಿದು ಎದುರುಬಂದ ದೋಣಿಗಳ ಸಂಖ್ಯೆ, ಹಿನ್ನೀರಿನ ಬಾಯಿ, ಊರಿನ ದಾರಿ, ಇವೆಲ್ಲ ಅವನಿಗೆ ಅತಿಥಿಯಾಗಿದ್ದಾಗಲೇ ತಿಳಿದುವೆಂಬುದನ್ನು ಮರೆಯಲಾಗದು.

ಇಂದಿನ ಪ್ರವಾಸಿಯು ಸೈನ್ಯವನ್ನು ತರುವುದಿಲ್ಲ, ನಿಜ. ಆದರೆ ಉಂಡ ಕೈ ಒಣಗುವ ಮೊದಲೇ ಉಣಿಸಿದವರ ಉಡುಗೆ, ನಡೆ, ಶುಚಿ, ಮತಗಳ ವಿಚಾರವಾಗಿ ತೀರ್ಪನ್ನು ಬರೆಯುವ ಚಪಲವು ಆ ಕಾಲಕ್ಕೇ ಮುಗಿದುಹೋಗಲಿಲ್ಲ. ದೂರದಲ್ಲಿರುವವನು ಹೇಳಿದ ನಿಂದೆಗೂ ಮನೆಯೊಳಗೆ ಬಂದು ಕಂಡವನು ಹೇಳಿದ ನಿಂದೆಗೂ ಭೇದವಿದೆ. ಎರಡನೆಯದಕ್ಕೆ ಸಾಮಗ್ರಿಯನ್ನು ಒದಗಿಸಿದುದು ಆ ಮನೆಯವರ ವಿಶ್ವಾಸ. ಹಾಗೆಂದು ಅತಿಥಿಯು ಕಂಡ ಅನ್ಯಾಯವನ್ನೆಲ್ಲ ನುಂಗಿಕೊಂಡಿರಬೇಕೆಂದು ವಾದಿಸುವುದೂ ಸರಿಯಲ್ಲ. ಬಾಲಕನನ್ನು ಬಡಿಯುವ ಮನೆಯಲ್ಲಿ ಉಪ್ಪನ್ನುಂಡೆನೆಂಬ ಕಾರಣದಿಂದ ಸುಮ್ಮನಿರುವವನು ಋಣವನ್ನಲ್ಲ, ಹೇಡಿತನವನ್ನು ಸಲ್ಲಿಸುತ್ತಾನೆ. ಮಾತನಾಡುವ ಹಕ್ಕು ಅತಿಥಿಗಿದೆ, ಅದನ್ನು ಆ ಮನೆಯವರ ಮುಖದೆದುರಿಗೇ ಆಡುವ ಹೊಣೆಯೊಂದಿಗೆ.

ಹಿಂದಿನವರು ಅತಿಥಿಯನ್ನು ಪೂಜಿಸಿದಂತೆಯೇ ಅವನಿಗೆ ಗಡಿಯನ್ನೂ ಹಾಕಿದ್ದರು. ಒಂದು ರಾತ್ರಿ ತಂಗುವವನೇ ಅತಿಥಿಯೆಂದು ಮನುಸ್ಮೃತಿಯ ಲಕ್ಷಣ. ಪರರ ಮನೆಯ ಅಡಿಗೆಯನ್ನೇ ಬಯಸಿ ತಿರುಗುವ ಅವಿವೇಕಿಯಾದ ಗೃಹಸ್ಥನು ಮುಂದಿನ ಜನ್ಮದಲ್ಲಿ ತನಗೆ ಉಣಿಸಿದವರ ಕೊಟ್ಟಿಗೆಯ ದನವಾಗಿ ಹುಟ್ಟುವನೆಂದೂ ಅದರಲ್ಲಿಯೇ ಹೇಳಿದೆ. ಹೊಟ್ಟೆಬಾಕರಿಗೆ ಇದಕ್ಕಿಂತ ತಕ್ಕ ಶಿಕ್ಷೆಯನ್ನು ಕಲ್ಪಿಸುವುದು ಕಷ್ಟ. ದ್ವೀಪದ ಜನರು ಅನುಸರಿಸುವ ಇಸ್ಲಾಮಿನ ಪರಂಪರೆಯಲ್ಲಿ ಅತಿಥಿಯ ಸತ್ಕಾರಕ್ಕೆ ಮೂರು ದಿನಗಳ ಅವಧಿ. ಅದರಾಚೆ ಕೊಟ್ಟುದು ದಾನ. ಆತಿಥೇಯನಿಗೆ ಸಂಕಟವಾಗುವಷ್ಟು ಕಾಲ ನಿಲ್ಲುವುದು ಅತಿಥಿಗೆ ಸಲ್ಲದು. ಜರ್ಮನಿಯ ತತ್ತ್ವಜ್ಞನಾದ ಕ್ಯಾಂಟನು ೧೭೯೫ರಲ್ಲಿ ಶಾಶ್ವತವಾದ ಶಾಂತಿಯನ್ನು ಕುರಿತು ಬರೆದ ಗ್ರಂಥದಲ್ಲಿ, ಪರದೇಶಕ್ಕೆ ಹೋದವನಿಗೆ ಸಂದರ್ಶನದ ಹಕ್ಕುಂಟೇ ಹೊರತು ಅತಿಥಿಯಾಗಿ ಉಳಿಯುವ ಹಕ್ಕಿಲ್ಲವೆಂದನು. ಯೂರೋಪಿನವರು ಸಂದರ್ಶನಕ್ಕೂ ದಿಗ್ವಿಜಯಕ್ಕೂ ಭೇದವನ್ನೇ ಕಾಣಲಿಲ್ಲವೆಂದು ತನ್ನವರನ್ನೇ ಖಂಡಿಸಿದನು. ಮೂರು ಬೇರೆ ಬೇರೆ ಕಡೆಗಳಿಂದ ಹೊರಟ ವಿಚಾರಗಳು ಹೀಗೆ ಒಂದೇ ಬಾಗಿಲಿನಲ್ಲಿ ಕೂಡುವುದು ಗಮನಾರ್ಹ.

ಇಲ್ಲಿ ಒಂದು ಆಕ್ಷೇಪವೇಳಬಹುದು. ಹಳೆಯ ಅತಿಥಿಯು ಬಿಟ್ಟಿಯಾಗಿ ಉಣ್ಣುತ್ತಿದ್ದನು, ಅವನಿಗೆ ಋಣವಿತ್ತು. ಈಗಿನವನು ಹಡಗಿಗೆ, ತಂಗುದಾಣಕ್ಕೆ, ಊಟಕ್ಕೆ ಹಣವನ್ನು ಎಣಿಸಿಕೊಡುತ್ತಾನೆ. ಕೊಟ್ಟು ತೀರಿದ ಮೇಲೆ ಋಣವೆಲ್ಲಿಯದು? ಈ ಆಕ್ಷೇಪವು ಹಗುರವಾದುದಲ್ಲ. ಹಣವು ನೀಚವಸ್ತುವೆಂದು ಮೂಗುಮುರಿಯುವವರು, ಮೇಲಿಂದ ಮೇಲೆ ಬರುವ ನಂಟರಿಂದ ಬಡಮನೆಯ ಹೆಂಗಸರ ಪಾಡೇನಾಗುವುದೆಂಬುದನ್ನು ಯೋಚಿಸಿದವರಲ್ಲ. ಬೆಲೆ ಕಟ್ಟಿದ ಊಟದಲ್ಲಿ ಆತಿಥೇಯನಿಗೆ ಒಂದು ಸ್ವಾತಂತ್ರ್ಯವಿದೆ: ಅವನು ಇಲ್ಲವೆನ್ನಬಹುದು. ಬಂದವನಿಗೂ ಒಂದು ಸಮಾಧಾನವಿದೆ: ಇನ್ನೊಬ್ಬರ ಮಕ್ಕಳ ತುತ್ತನ್ನು ಕಸಿದಂತಾಗದು. ಕೆಡಕಿರುವುದು ಗಿರಾಕಿಯಾಗುವುದರಲ್ಲಿಲ್ಲ, ಗಿರಾಕಿಯ ಹಕ್ಕನ್ನು ಹಿಡಿದುಕೊಂಡೇ ಅತಿಥಿಯ ಮನ್ನಣೆಯನ್ನೂ ಕೇಳುವುದರಲ್ಲಿದೆ. ಮೀನಿಗೆ ಹಣವನ್ನು ಕೊಟ್ಟವನು ಮೀನನ್ನು ಕೇಳಲಿ. ಮನೆಯ ಮುದುಕಿಯು ತನ್ನೊಡನೆ ನಗುತ್ತ ಮಾತಾಡಬೇಕೆಂದೂ, ಮಕ್ಕಳು ತನ್ನ ಮುಂದೆ ಹಾಡಿ ಕುಣಿಯಬೇಕೆಂದೂ ಅವನು ಅಪೇಕ್ಷಿಸಿದರೆ, ಕೊಳ್ಳದೆ ಇರುವುದನ್ನು ಕೊಂಡವನಂತೆ ನಡೆದುಕೊಂಡ ಹಾಗಾಯಿತು.

ಇದಲ್ಲದೆ ಹಣಕ್ಕೆ ಲೆಕ್ಕ ಸಿಕ್ಕದ ವಸ್ತುವೊಂದು ಆ ದ್ವೀಪಗಳಲ್ಲಿದೆ. ಅದು ನೀರು. ಅಲ್ಲಿ ನದಿಯಿಲ್ಲ, ಹೊಳೆಯಿಲ್ಲ. ಮಳೆಯ ನೀರು ಹವಳದ ಮರಳಿನಲ್ಲಿ ಇಂಗಿ, ಕೆಳಗಿರುವ ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೇಲಿಕೊಂಡು ತೆಳುವಾದ ಪದರವಾಗಿ ನಿಂತಿರುತ್ತದೆ. ಬಾವಿಯಲ್ಲಿ ಕಾಣುವ ಸಿಹಿನೀರು ಇಷ್ಟೇ. ಅದನ್ನು ಹದವರಿತು ಮೊಗೆದರೆ ಮುಂದಿನ ಮಳೆಯವರೆಗೆ ಬರುವುದು. ಯಂತ್ರವಿಟ್ಟು ಸೆಳೆದರೆ ಕೆಳಗಿನ ಉಪ್ಪು ಮೇಲಕ್ಕೇರುವುದು. ಸಮುದ್ರದ ನೀರನ್ನು ಸಿಹಿಮಾಡುವ ಯಂತ್ರಾಗಾರವೊಂದು ೨೦೦೫ರಲ್ಲಿ ಕವರತ್ತಿಯಲ್ಲಿ ಸ್ಥಾಪಿತವಾಯಿತು. ದಿನಕ್ಕೆ ಒಂದು ಲಕ್ಷ ಲೀಟರು ಅದರ ಸಾಮರ್ಥ್ಯ. ೨೦೧೧ರ ಜನಗಣತಿಯಂತೆ ಇಡೀ ಲಕ್ಷದ್ವೀಪದಲ್ಲಿ ಅರುವತ್ತನಾಲ್ಕು ಸಾವಿರಕ್ಕೂ ಮಿಕ್ಕಿ ಜನರಿದ್ದರು. ಜನವಸತಿಯುಳ್ಳ ದ್ವೀಪಗಳು ಹತ್ತೇ. ಎಲ್ಲ ದ್ವೀಪಗಳ ನೆಲವೂ ಕೂಡಿ ಮೂವತ್ತೆರಡು ಚದರ ಕಿಲೋಮೀಟರು. ಕಡಲಸ್ನಾನ ಮಾಡಿ ಬಂದ ಪ್ರವಾಸಿಯು ಮೈಗೆ ಹತ್ತಿದ ಉಪ್ಪನ್ನು ತೊಳೆದುಕೊಳ್ಳಲು ಕೊಡಗಟ್ಟಲೆ ಸುರಿದುಕೊಳ್ಳುವ ನೀರಿಗೆ ತಂಗುದಾಣದವರು ಬೆಲೆ ಹಾಕಬಹುದು. ಆದರೆ ಆ ಹಣವನ್ನು ಕೊಟ್ಟು ಬಾವಿಗೆ ಸಿಹಿಯನ್ನು ತುಂಬಲಾಗುವುದಿಲ್ಲ. ಹೊರಗಿನವರು ಅಪ್ಪಣೆಯಿಲ್ಲದೆ ದ್ವೀಪವನ್ನು ಪ್ರವೇಶಿಸಬಾರದೆಂದು ೧೯೬೭ರಲ್ಲಿ ಮಾಡಿದ ನಿಯಮಗಳನ್ನು ಕಿರುಕುಳವೆಂದು ಗೊಣಗುವವರು ಈ ಬಾವಿಗಳನ್ನು ಒಮ್ಮೆ ಇಣಿಕಿ ನೋಡುವುದೊಳ್ಳೆಯದು.

ಊಟದ ನಿಯಮವುಳ್ಳ ಮನೆಗಳವರು ಕೇಳುವ ಇನ್ನೊಂದು ಪ್ರಶ್ನೆಯುಂಟು: ಮೀನನ್ನು ಮುಟ್ಟದವನು ದ್ವೀಪದ ಮನೆಯಲ್ಲಿ ಏನು ಮಾಡಬೇಕು? ಇದು ತೋರುವಷ್ಟು ಕಠಿಣವಲ್ಲ. ತನ್ನ ವ್ರತವನ್ನು ಮೊದಲೇ ವಿನಯದಿಂದ ತಿಳಿಸಿದರೆ ಯಾವ ಆತಿಥೇಯನೂ ನೊಂದುಕೊಳ್ಳನು; ಬಡಿಸಿದ ಮೇಲೆ ಮೂಗು ಮುಚ್ಚಿಕೊಂಡರೆ ನೊಂದಾನು. ಬಾಳೆ, ಬೆಲ್ಲ, ಜೀಗುಜ್ಜೆ, ಅನ್ನಗಳಿಗೆ ಅಲ್ಲಿ ಕೊರತೆಯೂ ಇಲ್ಲ. ಎಳನೀರಿಗಂತೂ ಮೈಲಿಗೆಯಿಲ್ಲವೆಂದು ಕಟ್ಟಾ ಆಚಾರವಂತರೂ ಒಪ್ಪುತ್ತಿದ್ದರು.

ತುಳುನಾಡಿನ ಮನೆಗಳಲ್ಲಿ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರನ್ನು ಕೊಡುವ ಪದ್ಧತಿಯು ಜಾತಿಮತಗಳ ಭೇದವಿಲ್ಲದೆ ಹಬ್ಬಿತ್ತು. ದ್ವೀಪದ ಎಳನೀರಿಗೆ ಸರಿಜೋಡಿಯಾದ ಸುಂದರ ಸಂಪ್ರದಾಯವದು. ಆದರೆ ಆ ಬೆಲ್ಲನೀರು ಜಗಲಿಯವರೆಗೆ ಬರುತ್ತಿದ್ದುದು ಎಷ್ಟು ನಿಜವೋ, ಜಗಲಿಯಿಂದ ಒಳಕ್ಕೆ ಎಲ್ಲರಿಗೂ ದಾರಿಯಿರಲಿಲ್ಲವೆಂಬುದೂ ಅಷ್ಟೇ ನಿಜ. ದ್ವೀಪದ ಓಡದವರು ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಮಂಗಳೂರಿಗೆ ಬಂದರು. ಅವರು ಹುರಿಯನ್ನು ಇಳಿಸಿದರು, ಅಕ್ಕಿಯನ್ನು ಅಳೆಯಿಸಿಕೊಂಡರು, ಅನುಕೂಲವಾದ ಗಾಳಿಗೆ ಕಾದರು, ಹೋದರು. ಅವರಿಗೆ ದೊರೆತ ಅಕ್ಕಿಯು ಬೆಲೆಯಾಗಿ ದೊರೆತುದು. ಅದೇ ಅಕ್ಕಿಯು ದ್ವೀಪವನ್ನು ಮುಟ್ಟಿ, ಮಂಗಳೂರಿನಿಂದ ಬಂದ ಅಧಿಕಾರಿಗೋ ಪ್ರವಾಸಿಗೋ ಬಡಿಸಲ್ಪಟ್ಟಾಗ ಅನ್ನವಾಯಿತು. ಬೆಲೆಯ ಅಕ್ಕಿಗೂ ಅತಿಥಿಯ ಅನ್ನಕ್ಕೂ ಇರುವ ಅಂತರವನ್ನು ಬಂದರಿನ ಯಾವ ಕೊಳಗದಿಂದಲೂ ಅಳೆಯಲಾಗದು. ದ್ವೀಪದವರು ಈಗಲೂ ಚಿಕಿತ್ಸೆಗಾಗಿ, ವಿದ್ಯೆಗಾಗಿ, ವ್ಯಾಪಾರಕ್ಕಾಗಿ ಈ ನಗರಕ್ಕೆ ಬರುವುದುಂಟು. ಅವರ ತೀರದಲ್ಲಿ ಉಂಡುಬಂದವರ ಮನೆಗಳು ಅವರು ಇಳಿದುಕೊಳ್ಳುವ ಬೀದಿಗಳಿಂದ ಬಹಳ ದೂರದಲ್ಲೇನೂ ಇಲ್ಲ.

ಮಳೆಗಾಲವು ಕಳೆದು ಕಡಲು ತಿಳಿಯಾದೊಡನೆ ಹಳೆಯ ಬಂದರಿನ ದಕ್ಕೆಯಲ್ಲಿ ಮಂಜಿಗಳು ಮತ್ತೆ ದ್ವೀಪಕ್ಕೆ ಸಾಮಾನು ತುಂಬಲು ತೊಡಗುತ್ತವೆ. ಅಕ್ಕಿಯ ಮೂಟೆ, ಈರುಳ್ಳಿ, ತರಕಾರಿಯ ಬುಟ್ಟಿ, ಕಟ್ಟಡದ ಜಲ್ಲಿ, ಎಲ್ಲವೂ ಕೂಲಿಯವರ ಹೆಗಲೇರಿ ಒಂದೊಂದಾಗಿ ಒಳಗಿಳಿಯುತ್ತವೆ. ಮುಂದೆ ಪ್ರವಾಸದ ಋತುವಿನಲ್ಲಿ ಅಲ್ಲಿಗೆ ಹೋಗಲಿರುವವರ ಎಲೆಗೆ ಬೀಳುವ ಅನ್ನವೂ ಆ ಮೂಟೆಗಳಲ್ಲಿಯೇ ಇದೆ.